ಬಳಪ, ಕಡತ, ಗಾಜಿನ ಹಲಗೆ

ಪಾಠಶಾಲೆಗಳಲ್ಲಿ ಟ್ಯಾಬ್ಲೆಟ್ ಎಂಬ ಕೈಗಣಕವನ್ನು ಬಳಕೆಗೆ ತರಬೇಕೆನ್ನುವವರು ಅದನ್ನು ಹಳೆಯ ಸ್ಲೇಟಿನ ವಂಶಕ್ಕೆ ಸೇರಿಸಿ ಹೊಗಳುವುದುಂಟು. ಎರಡೂ ಮಗುವಿನ ತೊಡೆಯ ಮೇಲೆ ಕೂಡುವಂಥವು. ಎರಡರ ಮೇಲೂ ಬರೆಯಬಹುದು, ಅಳಿಸಬಹುದು, ಮತ್ತೆ ಬರೆಯಬಹುದು. ಉಪಾಧ್ಯಾಯನು ಬಗ್ಗಿ ನೋಡಿ ತಪ್ಪನ್ನು ಆಗಲೇ ತೋರಿಸಬಹುದು. ಆದುದರಿಂದ ಹೊಸ ಹಲಗೆಯು ಹಳೆಯದರ ಕೆಲಸವನ್ನೇ ಇನ್ನಷ್ಟು ಚುರುಕಾಗಿ ಮಾಡುವುದೆಂದು ಅವರ ವಾದ. ಈ ಹೋಲಿಕೆಯು ಎಷ್ಟರ ಮಟ್ಟಿಗೆ ನಿಲ್ಲತಕ್ಕುದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು. ಯಂತ್ರವನ್ನು ಹಳಿಯುವುದಾಗಲಿ ಹಳೆಯ ಕಾಲವನ್ನು ಹಾಡಿ ಹೊಗಳುವುದಾಗಲಿ ನನ್ನ ಇಷ್ಟವಲ್ಲ.

ವಿಚಾರವನ್ನು ಬೇಲೂರು ಹಳೆಯಬೀಡುಗಳಿಂದ ಆರಂಭಿಸುವುದಕ್ಕೆ ಕಾರಣವುಂಟು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಚೆನ್ನಕೇಶವನ ಗುಡಿಯೂ ಅಲ್ಲಿಂದ ಹತ್ತು ಮೈಲಿಯಾಚೆಯ ಹೊಯ್ಸಳೇಶ್ವರನ ಗುಡಿಯೂ ಯಾವ ಕಲ್ಲಿನಿಂದಾದುವೋ ಅದಕ್ಕೆ ನಮ್ಮ ಜನರು ಇಟ್ಟ ಹೆಸರು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತುವಾಗಿ ಉಳಿಗೆ ಬಗ್ಗುವುದು. ಗಾಳಿಗೆ ಬಿದ್ದ ಮೇಲೆ ಬಿಗಿಯುವುದು. ಮದನಿಕೆಯ ಕೊರಳಿನ ಹಾರವು ಅದರಲ್ಲಿಯೇ ಆಯಿತು. ಮಗುವಿನ ಕೈಯ ಬಳಪವೂ ಅದರ ಜಾತಿಯದೇ. ಒಂದೇ ಕಲ್ಲು ಒಂದು ಕಡೆ ಒಂಬೈನೂರು ವರ್ಷ ಅಳಿಯದ ರೂಪವನ್ನೂ ಮತ್ತೊಂದು ಕಡೆ ಅಂಗೈಯಿಂದ ಒರಸಿದರೆ ಹೋಗುವ ಅಕ್ಷರವನ್ನೂ ಕೊಟ್ಟಿತು. ಬೇಲೂರು ತಾಲ್ಲೂಕು ಹಲ್ಮಿಡಿಯ ಶಾಸನವು ದೊರೆತ ಸೀಮೆಯೂ ಹೌದು. ೧೯೩೬ರಲ್ಲಿ ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದ ಆ ಹದಿನಾರು ಪಂಕ್ತಿಗಳು ಬಹುಕಾಲ ಕನ್ನಡದ ಅತ್ಯಂತ ಪ್ರಾಚೀನ ಶಾಸನವೆಂದು ಎಣಿಸಲ್ಪಟ್ಟಿದ್ದುವು. ಉಳಿಯಲೆಂದು ಬರೆದ ಬರೆಹ, ಅಳಿಯಲೆಂದು ಬರೆದ ಬರೆಹ ಎಂಬ ಎರಡು ಜಾತಿಗಳು ಇಲ್ಲಿಯಷ್ಟು ಸ್ಪಷ್ಟವಾಗಿ ಎದುರುಬದುರಾಗಿ ನಿಂತಿರುವ ಸ್ಥಳವು ವಿರಳ.

೧೯೦೨ರಲ್ಲಿ ರೈಸ್ ಮಹಾಶಯರು ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ಕೈಯಲ್ಲಿ ಹಿಡಿದವರಿಗೆ ಅರಸೀಕೆರೆ, ಬೇಲೂರು ತಾಲ್ಲೂಕುಗಳ ಶಾಸನರಾಶಿಯು ಎಷ್ಟೆಂಬುದು ತಿಳಿದೇ ಇದೆ. ನಮ್ಮ ನಾಡಿನ ಶಾಸನಗಳಲ್ಲಿ ಬಾಲಶಿಕ್ಷೆಗೆ ಬಿಟ್ಟ ಭೂಮಿಯ ಮಾತು ಬರುವುದುಂಟು. ಅಕ್ಕರಿಗನೆಂಬ ಉಪಾಧ್ಯಾಯನ ವೃತ್ತಿಯ ಮಾತೂ ಉಂಟು. ಆದರೆ ಆ ಅಕ್ಕರಿಗನು ಯಾವ ಮಗುವಿನ ಯಾವ ಅಕ್ಷರವನ್ನು ಹೇಗೆ ತಿದ್ದಿದನೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಸಂಬಳವು ಕಲ್ಲಿಗೆ ಹೋಯಿತು, ತಿದ್ದಿದುದು ಮರಳಿಗೆ ಹೋಯಿತು.

ಇವೆರಡರ ನಡುವೆ ನಿಂತ ಮೂರನೆಯದೊಂದುಂಟು, ಅದೇ ಕಡತ. ಇದರ ವಿಷಯವಾಗಿ ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಈಗಿನ ಚರ್ಚೆಗೆ ಸ್ಲೇಟಿಗಿಂತ ಇದೇ ಹೆಚ್ಚು ಹತ್ತಿರದ ನಿದರ್ಶನವೆಂದು ನನಗೆ ತೋರುತ್ತದೆ. ಒಂದು ಅಡಿಯೊಳಗಿನ ಅಗಲ, ಹನ್ನೆರಡರಿಂದ ಹದಿನೆಂಟು ಅಡಿಯ ಉದ್ದದ ಹತ್ತಿಯ ಬಟ್ಟೆಗೆ ಅಂಟಿನಲ್ಲಿ ಕಲಸಿದ ಇದ್ದಲಪುಡಿಯನ್ನು ಎರಡು ಮಗ್ಗುಲಿಗೂ ಬಳಿದು, ಒಣಗಿಸಿ, ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿ, ಕೊನೆಯ ಎರಡು ಮಡಿಕೆಗಳಿಗೆ ಮರದ ಫಲಕಗಳನ್ನು ಕೂಡಿಸುತ್ತಿದ್ದರು. ಬರೆಯುತ್ತಿದ್ದುದು ಬಳಪದಿಂದ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ವಿಲ್ಕ್ಸ್ ಎಂಬ ಇತಿಹಾಸಕಾರನು ೧೮೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿ, ವರ್ತಕರೆಲ್ಲರೂ ಆಗ ಇದನ್ನೇ ಬಳಸುತ್ತಿದ್ದರೆಂದೂ, ಸಾಕ್ಷಿಗಳ ಸಮೇತ ಕಡತದಲ್ಲಿ ಬರೆದಿದ್ದ ಸಾಲಪತ್ರವೊಂದು ನ್ಯಾಯವಿಚಾರಣೆಯಲ್ಲಿ ಅಂಗೀಕೃತವಾದುದನ್ನು ತಾನೇ ಕಂಡೆನೆಂದೂ ತಿಳಿಸಿದ್ದಾನೆ. ಅಳಿಸಿ ಬೇರೆ ಬರೆಯುವುದಕ್ಕೆ ಎಡೆಕೊಡುವ ಈ ವಸ್ತುವನ್ನು ಟಿಪ್ಪು ಸುಲ್ತಾನನು ಸರಕಾರದ ಲೆಕ್ಕಗಳಲ್ಲಿ ಬಳಸಕೂಡದೆಂದು ನಿಷೇಧಿಸಿದನೆಂಬುದೂ ಅವನಿಂದಲೇ ತಿಳಿಯುವುದು. ಹೀಗಿದ್ದೂ ಶೃಂಗೇರಿ ಮಠದ ಕಡತಗಳು ಎಷ್ಟೋ ತಲೆಮಾರಿನ ವ್ಯವಹಾರವನ್ನು ಉಳಿಸಿಕೊಂಡು ಬಂದಿವೆ.

ಒಂದು ಬರೆಹವು ಉಳಿಯುವುದೋ ಅಳಿಯುವುದೋ ಎಂಬುದನ್ನು ವಸ್ತುವು ತಾನೇ ಗೊತ್ತುಮಾಡುವುದಿಲ್ಲವೆಂದು ಇದರಿಂದ ಸಿದ್ಧವಾಗುತ್ತದೆ. ಒರಸುವ ಅಧಿಕಾರವು ಯಾರ ಕೈಯಲ್ಲಿದೆ ಎಂಬುದು ಗೊತ್ತುಮಾಡುತ್ತದೆ. ಅಳಿಸಬಹುದಾದ ಬಟ್ಟೆಯ ಮೇಲೆ ಮಠವು ಅಳಿಸದೆ ಇಟ್ಟುಕೊಂಡಿತು. ಕಡತವೆಂಬ ಶಬ್ದದ ಗತಿಯನ್ನೇ ನೋಡಬಹುದು. ಇಂದು ಕಚೇರಿಯಲ್ಲಿ ಆ ಮಾತಿಗೆ ಅರ್ಥವು ಸರಕಾರೀ ಕಾಗದಗಳ ಕಟ್ಟು. ಯಾವುದನ್ನು ಒಂದು ಕಾಲದ ಅರಸನು ಒರಸಿಹೋಗುವುದೆಂಬ ಶಂಕೆಯಿಂದ ಕಚೇರಿಯ ಹೊರಗಿಟ್ಟನೋ, ಅದೇ ಹೆಸರು ಈಗ ಕಚೇರಿಯಿಂದ ಹೊರಗೆ ಹೋಗಲಾರದ ವಸ್ತುವಿನ ಹೆಸರಾಗಿದೆ. ಹೊಸ ಗಾಜಿನ ಹಲಗೆಗೂ ಇದೇ ಗತಿಯು ಬರುತ್ತಿರುವುದೆಂಬುದು ನನ್ನ ಭಯ. ಅದು ಸ್ಲೇಟಿನ ಮೈಯನ್ನು ತಾಳಿಬಂದ ಕಡತ. ಆ ಕಡತವೂ ಹಳೆಯ ಅರ್ಥದ್ದಲ್ಲ, ಹೊಸ ಅರ್ಥದ್ದು.

ಈಗ ಪರಿಭಾಷೆಗೆ ಬರೋಣ. ನಮ್ಮ ಶಿಕ್ಷಣ ಇಲಾಖೆಯ ಬರೆಹಗಳಲ್ಲಿ ರೂಪಣಾತ್ಮಕ ಮೌಲ್ಯಮಾಪನ, ಸಂಕಲನಾತ್ಮಕ ಮೌಲ್ಯಮಾಪನ, ಹಿಮ್ಮಾಹಿತಿ ಎಂಬ ಮೂರು ಶಬ್ದಗಳು ರೂಢವಾಗಿವೆ. ಮೊದಲನೆಯದು ಕಲಿಕೆಯು ನಡೆಯುತ್ತಿರುವಾಗಲೇ ಅದನ್ನು ರೂಪಿಸುವುದಕ್ಕಾಗಿ ಮಾಡುವ ಪರೀಕ್ಷೆ. ಎರಡನೆಯದು ಕಲಿತು ಮುಗಿದ ಮೇಲೆ ಒಟ್ಟು ಎಷ್ಟಾಯಿತೆಂದು ನೋಡುವುದು. ಈ ವಿಂಗಡಣೆಯನ್ನು ೧೯೬೭ರಲ್ಲಿ ಸ್ಕ್ರಿವೆನ್ ಎಂಬ ತತ್ತ್ವಶಾಸ್ತ್ರಜ್ಞನು ಪಠ್ಯಕ್ರಮಗಳ ಗುಣವಿಚಾರಕ್ಕಾಗಿ ಮಾಡಿದನು. ಬ್ಲೂಮ್ ಎಂಬ ವಿದ್ವಾಂಸನು ಅದನ್ನು ವಿದ್ಯಾರ್ಥಿಗಳ ವಿಷಯಕ್ಕೆ ತಂದನು. ವಿಂಗಡಣೆಯು ಸರಿಯಾದುದೇ. ಆದರೆ ಎರಡಕ್ಕೂ ಮೌಲ್ಯಮಾಪನವೆಂದು ಹೆಸರಿಟ್ಟುದು ಕನ್ನಡದಲ್ಲಿ ಅನರ್ಥಕ್ಕೆ ದಾರಿಯಾಯಿತು. ಮೌಲ್ಯವೆಂದರೆ ಬೆಲೆ, ಮಾಪನವೆಂದರೆ ಅಳತೆ. ಬೆಲೆಯನ್ನು ಅಳೆಯುವವನು ತೂಕದ ಕಲ್ಲನ್ನು ಹುಡುಕದೆ ಬಿಡುವನೇ? ಹಿಮ್ಮಾಹಿತಿಯ ವಿಷಯದಲ್ಲಿ ವೈಯಾಕರಣರು ಏನು ಹೇಳುವರೋ ಅದು ಹಾಗಿರಲಿ. ಕನ್ನಡದ ಹಿಂದಕ್ಕೆ ಮರಾಠಿಯ ಮೂಲಕ ಬಂದ ಮಾಹಿತಿಯನ್ನು ಗಂಟುಹಾಕಿ ಮಾಡಿದ ಈ ಮಾತು ಬಾಯಿಗೂ ಹಿತವಲ್ಲ, ಅರ್ಥಕ್ಕೂ ಹಿತವಲ್ಲ. ಮಾಹಿತಿಯು ಹಿಂದಿರುಗಿ ಬಂದ ಮಾತ್ರಕ್ಕೆ ಮಗುವು ಕಲಿಯುವುದಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆ ಸಿದ್ಧವಾಗಿರುವ ಧಾತುವೊಂದುಂಟು. ಮಗುವಿಗೆ ಮೊದಲಕ್ಷರವನ್ನು ಕಲಿಸುವುದಕ್ಕೆ ನಾವು ಅಕ್ಷರ ತಿದ್ದಿಸುವುದೆನ್ನುತ್ತೇವೆ. ತಪ್ಪನ್ನು ಸರಿಪಡಿಸುವುದಕ್ಕೂ ತಿದ್ದುವುದೆಂದೇ ಹೇಳುತ್ತೇವೆ. ಗುರುವು ಬರೆದ ಅಕ್ಷರದ ಮೇಲೆ ಬೆರಳಾಡಿಸುವುದೂ, ತಾನು ಬರೆದುದು ಓರೆಯಾದಾಗ ನೇರಮಾಡುವುದೂ ಕನ್ನಡಿಗನಿಗೆ ಒಂದೇ ಕ್ರಿಯೆ. ಕಲಿಯುವುದು ಮೊದಲು, ತಪ್ಪು ಆಮೇಲೆ, ತಿದ್ದುವುದು ಕೊನೆಗೆ ಎಂಬ ಕ್ರಮವನ್ನು ಈ ಧಾತುವು ಒಪ್ಪುವುದಿಲ್ಲ. ಆದುದರಿಂದ ಈ ಲೇಖನದಲ್ಲಿ ಮುಂದೆ ತಿದ್ದಿಕೆಯೆಂಬ ಮಾತನ್ನೇ ಬಳಸುತ್ತೇನೆ, ಇಲಾಖೆಯವರು ಕ್ಷಮಿಸಬೇಕು.

ತಿದ್ದಿಕೆಯಿಂದ ಪ್ರಯೋಜನವಾಗುವುದೆಂಬ ಮಾತಿಗೆ ಆಧಾರಗಳು ಕಡಮೆಯಿಲ್ಲ. ೧೯೯೮ರಲ್ಲಿ ಬ್ಲ್ಯಾಕ್, ವಿಲಿಯಂ ಎಂಬ ಲಂಡನ್ನಿನ ಇಬ್ಬರು ವಿದ್ವಾಂಸರು ಸುಮಾರು ೨೫೦ ಪ್ರಬಂಧಗಳನ್ನು ಪರಿಶೀಲಿಸಿ ಅದನ್ನು ಸಮರ್ಥಿಸಿದರು. ಆದರೆ ಇದಕ್ಕಿಂತ ಹೆಚ್ಚು ಗಮನಿಸತಕ್ಕವು ಬೇರೆ ಎರಡುಂಟು. ೧೯೮೮ರಲ್ಲಿ ರೂತ್ ಬಟ್ಲರ್ ಎಂಬಾಕೆಯು ಇಸ್ರೇಲಿನ ಶಾಲಾಬಾಲಕರನ್ನು ಮೂರು ಪಂಗಡಮಾಡಿ, ಒಂದಕ್ಕೆ ಅಂಕವನ್ನು ಮಾತ್ರ, ಒಂದಕ್ಕೆ ಟಿಪ್ಪಣಿಯನ್ನು ಮಾತ್ರ, ಒಂದಕ್ಕೆ ಎರಡನ್ನೂ ಕೊಟ್ಟು ನೋಡಿದಳು. ಟಿಪ್ಪಣಿ ಮಾತ್ರ ದೊರೆತವರು ಕೆಲಸದಲ್ಲಿಯೂ ಆಸಕ್ತಿಯಲ್ಲಿಯೂ ಮುಂದುವರಿದರು. ಅಂಕವೂ ಟಿಪ್ಪಣಿಯೂ ಒಟ್ಟಿಗೆ ದೊರೆತವರಿಗೆ ಆ ಲಾಭವು ದೊರೆಯಲಿಲ್ಲ. ಅಂಕವು ಪಕ್ಕದಲ್ಲಿ ನಿಂತರೆ ಸಾಕು, ಮಾತು ಕಿವಿಗೆ ಬೀಳುವುದಿಲ್ಲ. ಎರಡನೆಯದು ೧೯೯೬ರಲ್ಲಿ ಕ್ಲೂಗರ್, ಡಿನಿಸಿ ಎಂಬವರು ಮಾಡಿದ ಸಂಕಲನ. ೬೦೭ ಫಲಿತಗಳನ್ನು ಕೂಡಿಸಿ ನೋಡಿದಾಗ ಒಟ್ಟಿನಲ್ಲಿ ಲಾಭವೇ ಕಂಡರೂ, ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನ ಕಡೆಗಳಲ್ಲಿ ಕೆಲಸವು ಕೆಟ್ಟಿತ್ತು. ಗಮನವು ಕೆಲಸದ ಮೇಲಿಂದ ಮಾಡುವವನ ಮೇಲಕ್ಕೆ ಹೊರಳಿದಷ್ಟೂ ತಿದ್ದಿಕೆಯ ಬಲವು ಕುಂದುವುದೆಂದು ಅವರು ವಿವರಿಸಿದರು. ನಮ್ಮ ಹಿರಿಯರ ಬೆತ್ತವೂ ಈ ದೋಷದಿಂದ ಮುಕ್ತವಾಗಿರಲಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಹೀಗಿರಲು ನಮ್ಮ ರಾಜ್ಯದಲ್ಲಿ ನಡೆದುದೇನು? ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ೨೯ನೆಯ ಪ್ರಕರಣವು ಮಗುವಿನ ತಿಳಿವಳಿಕೆಯನ್ನು ಸಮಗ್ರವಾಗಿಯೂ ನಿರಂತರವಾಗಿಯೂ ನೋಡಬೇಕೆಂದಿತು. ಅದರ ಅನುಷ್ಠಾನದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆಗಳಾದುವು, ರೂಪಣಾತ್ಮಕಕ್ಕೂ ಅಂಕಗಳನ್ನಿಟ್ಟರು, ಆ ಅಂಕಗಳನ್ನು ವಿದ್ಯಾರ್ಥಿಗಳ ಸಾಧನೆಯನ್ನು ಬೆನ್ನಟ್ಟುವ ಸ್ಯಾಟ್ಸ್ ಎಂಬ ಗಣಕವ್ಯವಸ್ಥೆಯಲ್ಲಿ ದಾಖಲುಮಾಡುವಂತೆ ಆಯಿತು. ರೂಪಿಸುವುದಕ್ಕಾಗಿ ಮಾಡಿದುದನ್ನು ಕೂಡಿಸಿ ವರ್ಷಾಂತ್ಯದ ಮೊತ್ತಕ್ಕೆ ಸೇರಿಸಿದರೆ ಅದು ಆ ಕ್ಷಣದಲ್ಲಿಯೇ ಸಂಕಲನವಾಯಿತಷ್ಟೆ. ೨೦೨೩ರಿಂದೀಚೆಗೆ ಕೆಳಗಿನ ತರಗತಿಗಳಿಗೂ ರಾಜ್ಯಮಟ್ಟದ ಪರೀಕ್ಷೆಯನ್ನು ತರಲೆತ್ನಿಸಿ, ವ್ಯಾಜ್ಯವು ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ೨೦೨೪ರ ಏಪ್ರಿಲಿನಲ್ಲಿ ಫಲಿತಾಂಶಗಳಿಗೆ ತಡೆಯಾದುದು ವಾಚಕರಿಗೆ ತಿಳಿದ ವಿಷಯ. ಎಲ್ಲೆಲ್ಲಿಯೂ ಮೊತ್ತದ ಮೇಲೆಯೇ ಕಣ್ಣು.

ಇಂಥ ನೆಲದ ಮೇಲೆ ಟ್ಯಾಬ್ಲೆಟ್ಟು ಬಂದಿದೆ. ೨೦೨೧ರ ಜೂನಿನಲ್ಲಿ ನಮ್ಮ ಸರಕಾರವು ಸರಕಾರೀ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಇವನ್ನು ಹಂಚಲು ಆರಂಭಿಸಿತು. ಅದು ಸಾಂಕ್ರಾಮಿಕದ ಕಾಲ, ಪಾಠವು ಮನೆಗೆ ತಲಪಿದರೆ ಸಾಕೆಂಬ ಆತುರವಿತ್ತು. ತರಗತಿಯೊಳಗೆ ಅದನ್ನು ತಿದ್ದಿಕೆಗಾಗಿ ಬಳಸುವುದು ಬೇರೆ ವಿಷಯ, ಕಷ್ಟತರವಾದ ವಿಷಯ.

ಅನುಕೂಲಪಕ್ಷವನ್ನು ಮೊದಲು ಹೇಳುವುದು ನ್ಯಾಯ. ನಲವತ್ತು ಮಕ್ಕಳಿರುವ ಕೋಣೆಯಲ್ಲಿ ಒಬ್ಬ ಉಪಾಧ್ಯಾಯನು ಎಲ್ಲರ ಸ್ಲೇಟನ್ನೂ ನೋಡಲಾರನು. ನೋಡಿದೆನೆಂದು ಹೇಳುವವನು ಮೊದಲ ಸಾಲನ್ನು ನೋಡಿರುತ್ತಾನೆ. ಗಾಜಿನ ಹಲಗೆಯ ಮೇಲೆ ನಲವತ್ತು ಉತ್ತರಗಳೂ ಒಮ್ಮೆಗೇ ಅವನ ಕಣ್ಣಮುಂದೆ ಬರುತ್ತವೆ; ಕೈಯೆತ್ತಲು ನಾಚುವ ಕೊನೆಯ ಸಾಲಿನ ಹುಡುಗಿಯೂ ಕಾಣಿಸುತ್ತಾಳೆ. ದೆಹಲಿಯಲ್ಲಿ ೨೦೧೫ರಲ್ಲಿ ಮೈಂಡ್‌ಸ್ಪಾರ್ಕ್ ಎಂಬ ಗಣಕಪಾಠಕ್ರಮವನ್ನು ೬೧೯ ಮಕ್ಕಳ ನಡುವೆ ಚೀಟಿಯೆತ್ತಿ ಪರೀಕ್ಷಿಸಿದಾಗ, ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಗಣನೀಯವಾದ ಮುನ್ನಡೆ ಕಂಡಿತು. ಪ್ರತಿಯೊಬ್ಬ ಮಗುವಿಗೂ ಅದರ ನೆಲೆಗೆ ತಕ್ಕ ಪ್ರಶ್ನೆಯನ್ನು ಕೊಡುತ್ತಿದ್ದುದೇ ಇದಕ್ಕೆ ಕಾರಣವೆಂದು ಪರೀಕ್ಷಕರ ಅಭಿಪ್ರಾಯ. ಇನ್ನೊಂದು ಗುಣವನ್ನು ಹೊಗಳುವವರು ಯಾಕೋ ಅಷ್ಟಾಗಿ ಹೇಳುವುದಿಲ್ಲ: ಮಗುವು ಅಕ್ಷರವನ್ನು ಯಾವ ತುದಿಯಿಂದ ಆರಂಭಿಸಿ ಯಾವ ಕಡೆಗೆ ತಿರುಗಿಸಿತೆಂಬುದನ್ನು ಈ ಹಲಗೆಯು ಮತ್ತೆ ತೋರಿಸಬಲ್ಲುದು, ಅದು ಓದಿದುದನ್ನು ಅದರ ದನಿಯಲ್ಲಿಯೇ ಮತ್ತೆ ಕೇಳಿಸಬಲ್ಲುದು. ಝಕಾರವನ್ನೋ ಒತ್ತಕ್ಷರವನ್ನೋ ಕೈ ಹೇಗೆ ಸುತ್ತಿತೆಂಬುದು ಸ್ಲೇಟಿನಲ್ಲಿ ಮುಗಿದ ಮೇಲೆ ತಿಳಿಯುತ್ತಿರಲಿಲ್ಲ. ಇದು ನಿಜವಾಗಿ ಹೊಸದು, ತಿದ್ದಿಕೆಗೆ ನೇರವಾಗಿ ಸಲ್ಲುವುದು.

ಆದರೆ ಸಾಮಾನ್ಯವಾಗಿ ಹಲಗೆಯಿಂದ ಮಾಡಿಸುವ ಕೆಲಸವು ಇದಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಮುಟ್ಟಿಸಿ, ಸರಿಯಾದರೆ ಹಸುರು, ತಪ್ಪಾದರೆ ಕೆಂಪು ತೋರಿಸಿ, ಕೊನೆಗೆ ಹತ್ತಕ್ಕೆ ಏಳು ಎಂದು ಹೇಳಿಸುವುದು. ಇದಕ್ಕೆ ತಿದ್ದಿಕೆಯೆಂಬ ಹೆಸರು ಸಲ್ಲದು. ಅರಸೀಕೆರೆಯ ಸೀಮೆಯ ಒಂದು ತರಗತಿಯನ್ನು ಊಹಿಸಿಕೊಳ್ಳೋಣ. ಒಂದು ಮಗುವು ಹಾಲು ಎಂಬುದನ್ನು ಆಲು ಎಂದು ಬರೆಯಿತು. ಮತ್ತೊಂದು ಬೇಳೆಯನ್ನು ಬೇಲೆಯೆಂದು ಬರೆಯಿತು. ಮೂರನೆಯದು ಅವಸರದಲ್ಲಿ ಕೊಂಬನ್ನೇ ಬಿಟ್ಟು ಹಾಲ ಎಂದು ಬರೆಯಿತು. ಯಂತ್ರಕ್ಕೆ ಮೂರೂ ಕೆಂಪು. ಉಪಾಧ್ಯಾಯನಿಗೆ ಮೂರೂ ಬೇರೆ. ಮೊದಲನೆಯದು ತಪ್ಪಲ್ಲ, ಮನೆಯ ಮಾತು. ಅದನ್ನು ಹೀಯಾಳಿಸದೆ ಬರೆಹದ ಮಾತು ಬೇರೆಯೆಂದು ತೋರಿಸಬೇಕು. ಎರಡನೆಯ ಮಗುವಿನ ಕಿವಿಗೆ ಎರಡು ದನಿಗಳ ಭೇದವು ಕೇಳಿಸುತ್ತಿದೆಯೇ ಎಂದು ಬಾಯಿಂದ ಹೇಳಿಸಿ ನೋಡಬೇಕು. ಮೂರನೆಯದಕ್ಕೆ ಇನ್ನೊಂದು ಸಲ ಓದಿಕೋ ಎಂದರೆ ಸಾಕು. ಹೊಯ್ಸಳರ ಕಾಲದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಱಕಾರ ೞಕಾರಗಳ ವಿಷಯಕ್ಕೆ ಅಷ್ಟು ಎಡೆಗೊಟ್ಟುದು, ಜನರ ಬಾಯಲ್ಲಿ ಆ ದನಿಗಳು ಕಲಸಿಹೋಗುತ್ತಿದ್ದುದರಿಂದ. ತಪ್ಪಿನ ಹುಟ್ಟನ್ನು ಅವನು ಬಲ್ಲವನು. ಅವನ ತಾಯಿಯ ತಂದೆಯಾದ ಸುಮನೋಬಾಣನು ನರಸಿಂಹನ ಕಟಕೋಪಾಧ್ಯಾಯನಾಗಿದ್ದನು. ಸೋದರಮಾವನಾದ ಜನ್ನನು ಕವಿ. ಒಟ್ಟಿನಲ್ಲಿ ಉಪಾಧ್ಯಾಯರ ಮನೆಯ ಬುದ್ಧಿ ಅದು.

ಬೇಲೂರಿಗೆ ಹೋದವರೆಲ್ಲರೂ ಜಕಣಾಚಾರಿಯ ಕಥೆಯನ್ನು ಕೇಳಿಯೇ ಬರುತ್ತಾರೆ. ಮುಗಿದ ವಿಗ್ರಹದಲ್ಲಿ ದೋಷವುಂಟೆಂದು ಅಪರಿಚಿತನಾದ ಒಬ್ಬ ತರುಣನು ಹೇಳಿದನು; ಗಂಧವನ್ನು ಪೂಸಿ ನೋಡಿದಾಗ ಮೈಯೆಲ್ಲ ಒಣಗಿ ನಾಭಿಯ ಸುತ್ತ ಮಾತ್ರ ಹಸಿಯಾಗಿ ಉಳಿಯಿತು; ಒಡೆದರೆ ಒಳಗೆ ನೀರು, ಮರಳು, ಕಪ್ಪೆ; ಪಣದಂತೆ ಜಕಣಾಚಾರಿಯು ತನ್ನ ಬಲಗೈಯನ್ನು ಕಡಿದುಕೊಂಡನು; ತರುಣನು ಅವನ ಮಗನಾದ ಡಂಕಣನೇ ಎಂದು ಆಮೇಲೆ ತಿಳಿಯಿತು. ಇದು ಚರಿತ್ರೆಯಲ್ಲ. ದೇವಾಲಯಗಳಲ್ಲಿ ಹೆಸರು ಕೆತ್ತಿಟ್ಟ ಶಿಲ್ಪಿಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿತಮ್ಮ ಮೊದಲಾದವರು. ಕಪ್ಪೆ ಚೆನ್ನಿಗರಾಯನೆಂದು ಹೆಸರಾದ ಗುಡಿಯನ್ನು ಮಾಡಿಸಿದವಳು ರಾಣಿ ಶಾಂತಲೆ. ಆದರೂ ಜನರು ಈ ಕಥೆಯನ್ನು ಬಿಡದೆ ಹೇಳುತ್ತ ಬಂದಿರುವುದರಲ್ಲಿ ವಿಮರ್ಶಕನು ನೋಡತಕ್ಕದ್ದೊಂದಿದೆ. ಗರ್ಭವುಳ್ಳ ಕಲ್ಲನ್ನು ಲೇಪದಿಂದ ಗುರುತಿಸುವ ಕ್ರಮವನ್ನು ಶಿಲ್ಪಶಾಸ್ತ್ರವು ಹೇಳುವುದು ಕಲ್ಲನ್ನು ಆರಿಸುವ ಸಂದರ್ಭದಲ್ಲಿ, ಉಳಿಯಿಡುವುದಕ್ಕಿಂತ ಮೊದಲು. ಕಲ್ಲನ್ನು ಬಡಿದು ದನಿಯನ್ನು ಕೇಳಿ ಪುಂಶಿಲೆ, ಸ್ತ್ರೀಶಿಲೆ ಎಂದು ವಿಂಗಡಿಸುವುದೂ ಆಗಲೇ. ಅದೇ ಗಂಧ, ಅದೇ ಕಣ್ಣು. ಗಣಿಯ ಬಳಿ ಬಂದಿದ್ದರೆ ತಿದ್ದಿಕೆ, ಪ್ರತಿಷ್ಠೆಯ ದಿನ ಜನರ ನಡುವೆ ಬಂದುದರಿಂದ ಕೈ ಹೋಯಿತು. ಮಗನ ಮಾತು ಎರಡು ಸಂದರ್ಭದಲ್ಲಿಯೂ ನಿಜವೇ.

ತರಗತಿಯ ಗೋಡೆಯ ಮೇಲಣ ದೊಡ್ಡ ಪರದೆಯಲ್ಲಿ ಮಕ್ಕಳ ಹೆಸರುಗಳು ಅಂಕಗಳ ಅನುಕ್ರಮದಲ್ಲಿ ಮೇಲೆ ಕೆಳಗೆ ಓಡಾಡುವ ಏರ್ಪಾಡನ್ನು ಉತ್ಸಾಹದಿಂದ ವರ್ಣಿಸುವವರನ್ನು ಕೇಳಿದಾಗ ನನಗೆ ಈ ಕಥೆಯು ನೆನಪಾಗುತ್ತದೆ. ಆಟವೆಂದು ಅವರು ಹೇಳುತ್ತಾರೆ. ಕೊನೆಯ ಹೆಸರಿನ ಮಗುವಿಗೆ ಅದು ಆಟವಲ್ಲ.

ನಮ್ಮಲ್ಲಿಯೇ ಬೇರೆ ದಾರಿಯೊಂದು ಆಗಿಹೋಗಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ತಾಲ್ಲೂಕಿನಲ್ಲಿ ಉಪಾಧ್ಯಾಯರು ರಿಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು ಆರಂಭಿಸಿದ ನಲಿಕಲಿಯು ೨೦೦೯-೧೦ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರೀ ಕಿರಿಯ ತರಗತಿಗಳಿಗೆಲ್ಲ ವಿಸ್ತರಿಸಿತು. ಅದರಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ ಕೂಡುವರು: ಉಪಾಧ್ಯಾಯರ ನೆರವು ಪೂರ್ತಿಯಾಗಿ ಬೇಕಾದವರಿಂದ ಮೊದಲಾಗಿ, ಜೊತೆಯವರ ನೆರವಿನಿಂದ ನಡೆಯುವವರನ್ನು ದಾಟಿ, ತಾವೇ ಕಲಿಯಬಲ್ಲವರವರೆಗೆ. ಯಾರು ಎಷ್ಟು ಬಲ್ಲರೆಂಬ ಪ್ರಶ್ನೆಗೆ ಅಂಕವು ಉತ್ತರವಲ್ಲ. ಯಾರಿಗೆ ಎಷ್ಟು ನೆರವು ಬೇಕೆಂಬುದು ಉತ್ತರ. ಮಗುವಿನ ಎತ್ತರಕ್ಕೆ ಗೋಡೆಯ ಮೇಲೆ ಕಪ್ಪು ಬಳಿದು ಒಂದೊಂದು ಭಾಗವನ್ನು ಒಂದೊಂದು ಮಗುವಿಗೆ ಬಿಟ್ಟುದೂ ಆ ಪದ್ಧತಿಯೇ. ಅದರ ಲೋಪಗಳೂ ಉಂಟು. ಬಹುವರ್ಗದ ಗದ್ದಲದಲ್ಲಿ ಒಬ್ಬನೇ ಉಪಾಧ್ಯಾಯನು ಐದು ತಟ್ಟೆಗಳನ್ನು ಸುತ್ತುವುದು ಸುಲಭವಲ್ಲ. ಆ ಸುತ್ತಿನಲ್ಲಿ ಗಾಜಿನ ಹಲಗೆಯು ಅವನಿಗೆ ಎರಡನೆಯ ಜೊತೆ ಕಣ್ಣಾದರೆ ಯಾರಿಗೆ ಬೇಡ?

ಹಾಗಾಗಬೇಕಾದರೆ ಹಲಗೆಯನ್ನು ತರಿಸುವವರು ಯಂತ್ರದ ಬೆಲೆ, ತೂಕಗಳನ್ನು ವಿಚಾರಿಸುವ ಮೊದಲು ಮಗುವು ತಪ್ಪು ಬರೆದ ಉತ್ತರವು ಎಷ್ಟು ದಿನ ಉಳಿಯುವುದು, ಯಾರ ಬಳಿ ಉಳಿಯುವುದು, ಒರಸುವ ಬಟ್ಟೆ ಯಾರ ಕೈಯಲ್ಲಿ ಎಂದು ಕೇಳತಕ್ಕುದು. ಅಭ್ಯಾಸದ ಉತ್ತರಗಳು ಆ ಪಾಠವು ಮುಗಿಯುವವರೆಗೆ ಉಪಾಧ್ಯಾಯನಿಗೂ ಮಗುವಿಗೂ ಮಾತ್ರ ಕಾಣಿಸಿ, ಅನಂತರ ಇಲ್ಲವಾಗಬೇಕೆಂದು ನಾನು ಸೂಚಿಸುತ್ತೇನೆ. ಹಾಗೆ ಅಳಿಸಿದರೆ ಪ್ರಗತಿಯನ್ನು ತಿಳಿಯುವುದು ಹೇಗೆಂದು ಮೇಲ್ವಿಚಾರಕರು ಕೇಳಬಹುದು. ವರ್ಷಕ್ಕೆ ಎರಡು ಸಂಕಲನಾತ್ಮಕ ಪರೀಕ್ಷೆಗಳು ಅವರಿಗಾಗಿಯೇ ಇವೆ. ಅವನ್ನು ಕಡತದಲ್ಲಿ ಇಡಲಿ. ಮಗುವು ತಾನೇ ಇಟ್ಟುಕೊಳ್ಳಬೇಕೆಂದು ಆರಿಸಿದ ಬರೆಹವನ್ನೂ, ಮೊದಲ ತಿಂಗಳು ಓದಿದ ದನಿಯನ್ನೂ ಕೊನೆಯ ತಿಂಗಳವರೆಗೆ ಉಳಿಸಬಹುದು. ಅದನ್ನು ಮತ್ತೆ ಕೇಳಬೇಕಾದವನು ಮಗುವೇ ಹೊರತು ಕಚೇರಿಯಲ್ಲ. ಮಿಕ್ಕುದಕ್ಕೆ ಒದ್ದೆಬಟ್ಟೆ ಸಾಕು. ಎಂಜಲು ಹಚ್ಚಿ ಸ್ಲೇಟನ್ನು ಒರಸಿದರೆ ಸರಸ್ವತಿಯು ಮುನಿಯುವಳೆಂದು ನಮ್ಮನ್ನು ಗದರಿಸಿದ ಉಪಾಧ್ಯಾಯರೂ, ಒರಸಲೇಕೂಡದೆಂದು ಎಂದೂ ಹೇಳಿದವರಲ್ಲ.